ತೈಲಬಾವಿಯ ಆಳವನ್ನು ಎಲ್ಲಿಂದ ಅಳೆಯಬೇಕು?

ಪ್ರಶ್ನೆ: ಭೂವಿಜ್ಞಾನ ಓದಿ ಇತ್ತೀಚೆಗಷ್ಟೇ ತೈಲ ಮತ್ತು ಅನಿಲ ಬಾವಿಗಳ ಯೋಜನಾ ತಂಡ ಸೇರಿದ್ದೇನೆ. ನಾವು ಯೋಜಿಸುತ್ತಿರುವ ಓರೆ ಬಾವಿಯ ಕಡತದಲ್ಲಿ ಒಂದೇ ಮರಳುಗಲ್ಲಿನ ಪದರದ ಮೇಲ್ತುದಿಗೆ ಬೇರೆ ಬೇರೆ ಆಳಗಳಿವೆ. ಭೂವಿಜ್ಞಾನದ ವರದಿಯಲ್ಲಿ 2,028 ಮೀಟರ್, ಡ್ರಿಲ್ಲಿಂಗ್ ಯೋಜನೆಯ ಒಂದು ಪುಟದಲ್ಲಿ 2,152, ಇನ್ನೊಂದು ಪುಟದಲ್ಲಿ 2,418. ಪಕ್ಕದ ಹಳೆಯ ನೇರ ಬಾವಿಯ ಲಾಗ್‌ನಲ್ಲಿ (ಆಳಕ್ಕೆ ತಕ್ಕಂತೆ ಬಂಡೆಯ ಗುಣಗಳನ್ನು ಅಳೆದ ದಾಖಲೆಯಲ್ಲಿ) ಅದೇ ಪದರ 2,146 ಮೀಟರ್‌ನಲ್ಲಿ ಕಾಣುತ್ತದೆ. ಹಳೆಯ ಬಾವಿಯಲ್ಲಿ ನೆಲಮಟ್ಟ 112 ಮೀಟರ್, ರೋಟರಿ ಟೇಬಲ್ (ಕೊರೆಯುವ ರಿಗ್‌ನ ನೆಲದಲ್ಲಿರುವ, ಪೈಪನ್ನು ತಿರುಗಿಸುವ ಭಾಗ) 118.4 ಮೀಟರ್ ಎತ್ತರದಲ್ಲಿತ್ತು. ಹೊಸ ಬಾವಿಗೆ ಅವು 114.5 ಮತ್ತು 124.1 ಎಂದು ಅಂದಾಜಿಸಿದ್ದೇವೆ. ಆದರೆ ಸರ್ವೇಯರ್ ಕೊಟ್ಟಿರುವ ಜಿಪಿಎಸ್ ಎತ್ತರ 57 ಮೀಟರ್ ಮಾತ್ರ! ಇದಲ್ಲದೆ ಹಳೆಯ ಬಾವಿಯ ತಳ ಡ್ರಿಲ್ಲರ್ ಲೆಕ್ಕದಲ್ಲಿ 2,300, ಕೇಬಲ್‌ನಲ್ಲಿ ಉಪಕರಣ ಇಳಿಸಿ ಮಾಡಿದ ವೈರ್‌ಲೈನ್ ಲಾಗ್‌ನಲ್ಲಿ 2,302 ಮೀಟರ್. ‘ಐದಾರು ಮೀಟರ್‌ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ, ನೆಲಮಟ್ಟವನ್ನೇ ಸೊನ್ನೆ ಎಂದಿಟ್ಟುಕೊಳ್ಳಿ’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಮುಂದೆ ನಮ್ಮ ತಂಡಕ್ಕೆ ಸಮುದ್ರದ ಬಾವಿಗಳ ಕೆಲಸವೂ ಬರಲಿದೆ. ಇವುಗಳಲ್ಲಿ ಯಾವ ಆಳ ನಿಜ? ಯೋಜನೆಯಲ್ಲಿ ಯಾವುದನ್ನು ಬಳಸಬೇಕು?

ಉತ್ತರ: ನಿಮ್ಮ ಕಡತದಲ್ಲಿರುವ ನಾಲ್ಕು ಆಳಗಳಲ್ಲಿ ಯಾವುದೂ ತಪ್ಪಲ್ಲ. ಪ್ರತಿಯೊಂದು ಸಂಖ್ಯೆಯೂ ಬೇರೆ ಬೇರೆ ಸೊನ್ನೆಯಿಂದ, ಇಲ್ಲವೇ ಬೇರೆ ಬೇರೆ ದಾರಿಯಲ್ಲಿ ಅಳೆದದ್ದು. ಅದನ್ನು ಪಕ್ಕದಲ್ಲಿ ಬರೆದಿಲ್ಲದ ಕಾರಣ ಅವು ಒಂದಕ್ಕೊಂದು ವಿರುದ್ಧವಾಗಿರುವಂತೆ ತೋರುತ್ತಿವೆ. ಎಲ್ಲಿಂದ, ಯಾವ ದಾರಿಯಲ್ಲಿ, ಯಾವ ಸಾಧನದಿಂದ ಅಳೆದದ್ದು ಎಂಬ ಮೂರು ಸಂಗತಿಗಳು ಗೊತ್ತಿಲ್ಲದ ಆಳದ ಸಂಖ್ಯೆಯನ್ನು ಬಾವಿಯ ಯೋಜನೆಗೆ ಬಳಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಲೆಕ್ಕವನ್ನೇ ಬಿಡಿಸಿ ನೋಡೋಣ. ಹಳೆಯ ಬಾವಿ ನೇರವಾದದ್ದರಿಂದ ಅಲ್ಲಿ ಬಾವಿಯ ಉದ್ದಕ್ಕೆ ಅಳೆದ ಆಳವೂ ಲಂಬ ಆಳವೂ ಹೆಚ್ಚುಕಡಿಮೆ ಒಂದೇ. ಅದರ 2,146 ಮೀಟರ್ ಆ ಕಾಲದ ರಿಗ್‌ನ ರೋಟರಿ ಟೇಬಲ್‌ನಿಂದ ಎಣಿಸಿದ್ದು. ಅದರಿಂದ ಟೇಬಲ್‌ನ ಎತ್ತರ 118.4 ಮೀಟರ್ ಕಳೆದರೆ ಸರಾಸರಿ ಸಮುದ್ರಮಟ್ಟದಿಂದ ಕೆಳಗೆ 2,027.6 ಮೀಟರ್ ಬರುತ್ತದೆ; ಭೂವಿಜ್ಞಾನದ ವರದಿಯ 2,028 ಇದೇ. ಪದರವು ಎರಡೂ ಬಾವಿಗಳ ನಡುವೆ ಸಮತಟ್ಟಾಗಿದೆ ಎಂದುಕೊಂಡು, ಅದಕ್ಕೆ ಹೊಸ ಟೇಬಲ್‌ನ ಎತ್ತರ 124.1 ಸೇರಿಸಿದರೆ 2,151.7 ಆಗುತ್ತದೆ. ಇದು ಹೊಸ ರಿಗ್‌ನಿಂದ ಲಂಬ ಆಳ, ಅಂದರೆ ಟಿವಿಡಿ. ಬಾವಿ ಓರೆಯಾಗಿ ಸಾಗುವುದರಿಂದ ಆ ಬಿಂದುವನ್ನು ಮುಟ್ಟಲು ಇಳಿಸಬೇಕಾದ ಪೈಪಿನ ಉದ್ದ 2,418 ಮೀಟರ್. ಇದನ್ನೇ ಎಂಡಿ ಎನ್ನುತ್ತೇವೆ. ಭೂಮಿಯೊಳಗಿನ ಜಾಗ ಒಂದೇ, ಅದನ್ನು ಹೇಳುವ ವಿಧಾನಗಳು ಮೂರು.

ಟಿವಿಡಿಯನ್ನು ಯಾರೂ ನೇರವಾಗಿ ಅಳೆಯುವುದಿಲ್ಲ ಎಂಬುದನ್ನು ಗಮನಿಸಿ. ಪೈಪಿನ ಉದ್ದವನ್ನು ಅಳೆಯುತ್ತೇವೆ, ಬಾವಿಯ ಓರೆ ಮತ್ತು ದಿಕ್ಕನ್ನು ಉಪಕರಣದಿಂದ ಅಲ್ಲಲ್ಲಿ ಅಳೆಯುತ್ತೇವೆ. ಎರಡು ಅಳತೆಗಳ ನಡುವೆ ಬಾವಿ ನುಣುಪಾದ ಕಮಾನಿನಂತೆ ಬಾಗಿದೆ ಎಂದು ಭಾವಿಸಿ ಲಂಬ ಆಳವನ್ನು ಗಣಿತದಿಂದ ಪಡೆಯುತ್ತೇವೆ. ಹಾಗಾಗಿ ಓರೆಯ ಅಳತೆಯಲ್ಲಿನ ಸಣ್ಣ ದೋಷವೂ ಆಳಕ್ಕೆ ಇಳಿಯುತ್ತದೆ. ಬಾವಿ 45 ಡಿಗ್ರಿ ಓರೆಯಲ್ಲಿ 700 ಮೀಟರ್ ಸಾಗಿದರೆ, ಓರೆಯಲ್ಲಿ ಒಂದೇ ಸಮನೆ 0.2 ಡಿಗ್ರಿ ತಪ್ಪಿದರೂ ಲಂಬ ಆಳ ಸುಮಾರು 1.7 ಮೀಟರ್ ತಪ್ಪುತ್ತದೆ. ಓರೆ ಬಾವಿಯಲ್ಲಿ ಉಪಕರಣ ಕೂತಿರುವ ಭಾರವಾದ ಕೊಳವೆಗಳು ತಮ್ಮ ತೂಕಕ್ಕೆ ಜೋತುಬೀಳುವುದರಿಂದ ಇಂಥ ತಪ್ಪು ಒಂದೇ ಕಡೆಗೆ ವಾಲುತ್ತದೆ. ಇದಕ್ಕೆ ತಿದ್ದುಪಡಿಯುಂಟು, ಅದನ್ನು ಮಾಡಿದ್ದಾರೆಯೇ ಎಂದು ಕೇಳಬೇಕಾದವರು ಯೋಜನೆ ಬರೆಯುವವರು.

ಇನ್ನು ಸೊನ್ನೆಯ ವಿಚಾರ. ಕೊರೆಯುವ ಕಾಲದಲ್ಲಿ ಆಳವನ್ನು ರಿಗ್‌ನ ನೆಲದಿಂದ, ಅಂದರೆ ರೋಟರಿ ಟೇಬಲ್ ಅಥವಾ ಅದರ ಮೇಲೆ ಕೂತು ಕೆಲ್ಲಿ ಎಂಬ ಮೂಲೆಗಳುಳ್ಳ ಪೈಪನ್ನು ತಿರುಗಿಸುವ ಕೆಲ್ಲಿ ಬುಶಿಂಗ್‌ನಿಂದ ಎಣಿಸುವುದು ವಾಡಿಕೆ. ಪೈಪುಗಳನ್ನು ಜೋಡಿಸಿ ಇಳಿಸುವ ಕೆಲಸ ನಡೆಯುವುದು ಅಲ್ಲೇ. ಕೆಲ್ಲಿ ಬುಶಿಂಗ್‌ನ ಮೇಲ್ಮೈ ಟೇಬಲ್‌ಗಿಂತ ಸುಮಾರು 1 ಅಡಿ ಎತ್ತರದಲ್ಲಿರುತ್ತದೆ. ಪೈಪನ್ನು ಮೇಲಿನಿಂದಲೇ ತಿರುಗಿಸುವ ಟಾಪ್ ಡ್ರೈವ್ ಇರುವ ಇಂದಿನ ರಿಗ್‌ಗಳಲ್ಲಿ ಕೆಲ್ಲಿಯೇ ಇಲ್ಲದಿದ್ದರೂ ಫಾರಂಗಳಲ್ಲಿ ‘ಕೆಬಿ’ ಎಂಬ ಹೆಸರು ಉಳಿದುಕೊಂಡಿದೆ, ಆದ್ದರಿಂದ ಹಳೆಯ ವರದಿಯ ಕೆಬಿ ನಿಜವಾದ ಬುಶಿಂಗೋ ಟೇಬಲ್ಲೋ ಎಂದು ಒಮ್ಮೆ ನೋಡಿಕೊಳ್ಳಿ. ಎರಡನೆಯದು ಶಾಶ್ವತ ಆಧಾರಬಿಂದು. ಸಾಮಾನ್ಯವಾಗಿ ಅದು ಸಮುದ್ರಮಟ್ಟ ಅಥವಾ ನೆಲಮಟ್ಟ. ರಿಗ್ ಹೋದರೂ ಅದು ಉಳಿಯಬೇಕು.

ಹಳೆಯ ಬಾವಿಯ ಲಾಗ್‌ನ ತಲೆಬರಹವನ್ನು ತೆಗೆದು ನೋಡಿ. ಶಾಶ್ವತ ಆಧಾರಬಿಂದು ಯಾವುದು, ಅದರ ಎತ್ತರ ಎಷ್ಟು, ಲಾಗ್ ಅಳೆದದ್ದು ಎಲ್ಲಿಂದ, ಆ ಜಾಗ ಆಧಾರಬಿಂದುವಿಗಿಂತ ಎಷ್ಟು ಮೇಲಿದೆ, ಕೊರೆಯುವಾಗ ಅಳೆದದ್ದು ಎಲ್ಲಿಂದ ಎಂಬ ಸಾಲುಗಳಿರುತ್ತವೆ. ಬಲಗಡೆ ಕೆಬಿ, ಡ್ರಿಲ್ ಫ್ಲೋರ್ ಮತ್ತು ನೆಲಮಟ್ಟ ಮೂರರ ಎತ್ತರಗಳಿರುತ್ತವೆ. ಮೂರೂ ಪರಸ್ಪರ ಹೊಂದುತ್ತವೆಯೇ ಎಂದು ಕೂಡಿ ಕಳೆದು ನೋಡಿ. ನಿಮ್ಮ ಹಳೆಯ ಬಾವಿಯಲ್ಲಿ 112ಕ್ಕೆ 6.4 ಸೇರಿಸಿದರೆ 118.4 ಸರಿಹೋಗುತ್ತದೆ. ಹೊಂದದಿದ್ದರೆ ಅಲ್ಲೇ ನಿಂತು ಮೂಲ ಸರ್ವೇ ದಾಖಲೆ ಹುಡುಕಬೇಕು. ಎಲ್ಲ ಎತ್ತರಗಳೂ ಅಡಿಯಲ್ಲಿವೆಯೋ ಮೀಟರ್‌ನಲ್ಲಿವೆಯೋ ಎಂಬುದನ್ನೂ ನೋಡಬೇಕು. ಹಳೆಯ ಕಡತಗಳಲ್ಲಿ ಆಳ ಮೀಟರ್‌ನಲ್ಲೂ ಎತ್ತರ ಅಡಿಯಲ್ಲೂ ಇರುವುದು ಅಪರೂಪವಲ್ಲ.

ನಿಮ್ಮ ಹಿರಿಯ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಅರ್ಧ ನಿಜವಿದೆ: ಇನ್ನೂ ಯಾರೂ ಕೊರೆಯದ ಪ್ರದೇಶದಲ್ಲಿ ಭೂಕಂಪನ ಸಮೀಕ್ಷೆಯಿಂದ ಅಂದಾಜಿಸಿದ ಆಳದ ಅನಿಶ್ಚಿತತೆ ಹತ್ತಾರು ಮೀಟರ್ ಇರಬಹುದು, ಅಲ್ಲಿ ಐದಾರು ಮೀಟರ್ ಗೌಣ. ಆದರೆ ನಿಮ್ಮದು ಹಾಗಲ್ಲ, ಪಕ್ಕದಲ್ಲೇ ಬಾವಿಯಿದೆ. ಹಳೆಯ ಲಾಗ್‌ನ 2,146ನ್ನು ಹಾಗೆಯೇ ಎತ್ತಿ ಹೊಸ ಬಾವಿಯ ಗುರಿಯಾಗಿಟ್ಟರೆ ನೀವು ಸಮುದ್ರಮಟ್ಟದಿಂದ 2,021.9 ಮೀಟರ್‌ನಲ್ಲಿ ಇರುತ್ತೀರಿ, ಮರಳುಗಲ್ಲಿಗಿಂತ 5.7 ಮೀಟರ್ ಮೇಲೆ. ತೈಲದ ಪದರ ಏಳೆಂಟು ಮೀಟರ್ ದಪ್ಪವಷ್ಟೇ ಇದ್ದು ಕೆಳಗೆ ನೀರಿದ್ದರೆ, ಈ 5.7 ಮೀಟರ್ ಇಡೀ ಬಾವಿಯ ಫಲವನ್ನೇ ನಿರ್ಧರಿಸುತ್ತದೆ. ನೆಲಮಟ್ಟವನ್ನು ಸೊನ್ನೆ ಮಾಡಿಕೊಂಡರೂ ಎರಡು ಬಾವಿಗಳ ನೆಲದ ನಡುವಿನ 2.5 ಮೀಟರ್ ವ್ಯತ್ಯಾಸ ಉಳಿದೇ ಇರುತ್ತದೆ. ಮೇಲಾಗಿ, ಯಾವ ನೆಲ? ರಿಗ್ ತರುವ ಮೊದಲು ಜಾಗವನ್ನು ಸಮತಟ್ಟು ಮಾಡಲು ಬುಲ್ಡೋಜರ್ ಹೊಡೆಯುತ್ತಾರೆ, ಮಣ್ಣು ತುಂಬುತ್ತಾರೆ, ವೆಲ್‌ಹೆಡ್‌ಗಾಗಿ (ಬಾವಿಯ ಬಾಯಿಯ ಮೇಲಿನ ಜೋಡಣೆಗಾಗಿ) ಗುಂಡಿ ತೋಡುತ್ತಾರೆ. ಮೊದಲ ಸರ್ವೇಯ ನೆಲಮಟ್ಟವೂ ರಿಗ್ ನಿಂತ ನೆಲಮಟ್ಟವೂ ಒಂದು ಒಂದೂವರೆ ಮೀಟರ್ ಬೇರೆಯಾಗುವುದು ಸಾಮಾನ್ಯ.

ಆದರೆ ಅವರ ಮಾತನ್ನು ನಾನು ಒಪ್ಪದಿರಲು ಮುಖ್ಯ ಕಾರಣ ಬೇರೆ, ಅದು ಒತ್ತಡ. ಬಾವಿಯಲ್ಲಿರುವ ಮಡ್‌ನ (ಕೊರೆಯುವಾಗ ತುಂಬಿಡುವ ದ್ರವದ) ಒತ್ತಡ ಲಂಬ ಆಳವನ್ನು ಅವಲಂಬಿಸಿದೆ, ಪೈಪಿನ ಉದ್ದವನ್ನಲ್ಲ; 2,418ನ್ನು ಒತ್ತಡದ ಸೂತ್ರಕ್ಕೆ ಹಾಕುವುದು ಹೊಸಬರು ಮಾಡುವ ಮೊದಲ ತಪ್ಪು. ಎರಡನೆಯ ತಪ್ಪು ಸೂಕ್ಷ್ಮವಾದದ್ದು. ಮಡ್‌ನ ಕಂಬ ಆರಂಭವಾಗುವುದು ರಿಗ್‌ನ ನೆಲದ ಸ್ವಲ್ಪ ಕೆಳಗಿನಿಂದ, ಬಂಡೆಯೊಳಗಿನ ನೀರಿನ ಕಂಬ ಆರಂಭವಾಗುವುದು ಸಮುದ್ರಮಟ್ಟದಿಂದ ಅಥವಾ ಅಂತರ್ಜಲ ಮಟ್ಟದಿಂದ. ಎರಡು ಕಂಬಗಳ ತಲೆ ಬೇರೆ ಬೇರೆ ಎತ್ತರದಲ್ಲಿರುವಾಗ, ಒತ್ತಡವನ್ನು ಆಳದಿಂದ ಭಾಗಿಸಿ ‘ಸಮಾನ ಮಡ್ ಸಾಂದ್ರತೆ’ ಎಂದು ಬರೆಯುವ ನಮ್ಮ ಪದ್ಧತಿಯಲ್ಲಿ ಸೊನ್ನೆಯ ಜಾಗ ಬದಲಾದರೆ ಉತ್ತರವೂ ಬದಲಾಗುತ್ತದೆ.

ಸಮುದ್ರದ ಬಾವಿಯೊಂದರ ಉದಾಹರಣೆ ತೆಗೆದುಕೊಳ್ಳಿ. ಕೇಸಿಂಗ್ ಶೂ (ಬಾವಿಯ ಗೋಡೆಗೆ ಆಸರೆಯಾಗಿ ಇಳಿಸುವ ಉಕ್ಕಿನ ಕೊಳವೆಯ ಕೆಳತುದಿ) ಸಮುದ್ರಮಟ್ಟದಿಂದ 400 ಮೀಟರ್ ಕೆಳಗಿದೆ, ಹಳೆಯ ರಿಗ್‌ನ ಟೇಬಲ್ ಸಮುದ್ರಮಟ್ಟದಿಂದ 20 ಮೀಟರ್ ಮೇಲಿತ್ತು. ಅಲ್ಲಿ ಬಂಡೆ ಎಷ್ಟು ಒತ್ತಡ ತಡೆಯುತ್ತದೆ ಎಂದು ನೋಡುವ ಲೀಕ್-ಆಫ್ ಪರೀಕ್ಷೆ ಮಾಡಿ, ಶೂ ಕೆಳಗಿನ ಬಂಡೆ 1.50 ಸಾಂದ್ರತೆಯ (ನೀರಿನ ಒಂದೂವರೆ ಪಟ್ಟು) ಮಡ್‌ವರೆಗೆ ತಡೆಯುತ್ತದೆ ಎಂದು ಬರೆದಿಟ್ಟರು. ಒತ್ತಡದ ಲೆಕ್ಕದಲ್ಲಿ ಅದು 0.0981 × 1.50 × 420, ಅಂದರೆ ಸುಮಾರು 61.8 ಬಾರ್. ಈಗ ಅದೇ ಜಾಗಕ್ಕೆ ಬರುವ ಹೊಸ ರಿಗ್‌ನ ಟೇಬಲ್ ಸಮುದ್ರಮಟ್ಟದಿಂದ 40 ಮೀಟರ್ ಮೇಲಿದೆ. ಬಂಡೆ ತಡೆಯುವ ಒತ್ತಡ ಬದಲಾಗಿಲ್ಲ, ಆದರೆ ಹೊಸ ಟೇಬಲ್‌ನಿಂದ ನೋಡಿದರೆ ಅದು 1.43 ಸಾಂದ್ರತೆಗೆ ಸಮ. ಹಳೆಯ ವರದಿಯ 1.50ನ್ನು ನಂಬಿ ಮಡ್ ತಯಾರಿಸಿದರೆ ಶೂ ಬಳಿ 64.7 ಬಾರ್ ಬೀಳುತ್ತದೆ. ಬಂಡೆ ಬಿರಿದು ಮಡ್ ಅದರೊಳಗೆ ನುಗ್ಗುತ್ತದೆ, ಬಾವಿಯಲ್ಲಿ ಮಡ್‌ನ ಮಟ್ಟ ಇಳಿಯುತ್ತದೆ, ಮಟ್ಟ ಇಳಿದಾಗ ಬೇರೊಂದು ಪದರದಿಂದ ಅನಿಲ ಒಳಗೆ ಬರಲು ದಾರಿಯಾಗಬಹುದು. ಶೂ 3,000 ಮೀಟರ್ ಆಳದಲ್ಲಿದ್ದಿದ್ದರೆ ಇದೇ 20 ಮೀಟರ್‌ನಿಂದ ಆಗುವ ವ್ಯತ್ಯಾಸ ಶೇಕಡಾ 1ಕ್ಕಿಂತ ಕಡಿಮೆ. ಆದ್ದರಿಂದ ಸೊನ್ನೆಯ ತಪ್ಪಿನ ಅಪಾಯ ದೊಡ್ಡದಾಗುವುದು ಆಳವಿಲ್ಲದ ಕಡೆ, ಬಂಡೆಯೂ ಮೆದುವಾಗಿರುವ ಕಡೆ. ಬಹಳ ಮಂದಿ ಇದಕ್ಕೆ ವಿರುದ್ಧವಾಗಿ ಯೋಚಿಸುತ್ತಾರೆ.

ಭೂಮಿಯ ಮೇಲಿನ ಬಾವಿಗಳಲ್ಲಿ ರಿಗ್ ಎತ್ತರದ ವ್ಯತ್ಯಾಸ ಚಿಕ್ಕದು, ನಿಮ್ಮಲ್ಲಿ 3.2 ಮೀಟರ್ ಮಾತ್ರ. ಆದರೆ ಗುಡ್ಡಗಾಡಿನಲ್ಲಿ ನೆಲದ ಎತ್ತರವೇ ಸಮಸ್ಯೆ ತರುತ್ತದೆ. ಸಮುದ್ರಮಟ್ಟದಿಂದ 1,000 ಮೀಟರ್ ಕೆಳಗಿನ ಪದರದಲ್ಲಿ 110 ಬಾರ್ ಒತ್ತಡವಿದೆ ಎನ್ನಿ. ಕಣಿವೆಯಲ್ಲಿ ಟೇಬಲ್ 100 ಮೀಟರ್ ಎತ್ತರದಲ್ಲಿದ್ದರೆ ಇದು 1.02 ಸಾಂದ್ರತೆಗೆ ಸಮ; ಗುಡ್ಡದ ಮೇಲೆ ಟೇಬಲ್ 400 ಮೀಟರ್ ಎತ್ತರದಲ್ಲಿದ್ದರೆ ಕೇವಲ 0.80. ಕಣಿವೆಯ ಬಾವಿಯ ಮಡ್ ಯೋಜನೆಯನ್ನು ಗುಡ್ಡಕ್ಕೆ ನಕಲು ಮಾಡಿದರೆ ಅಲ್ಲಿ ಮಡ್ ಬಂಡೆಯೊಳಗೆ ಸೋರಿಹೋಗುವ ಸಂಭವ ಹೆಚ್ಚು. ಇಂಥ ಕಡೆ ಬಾವಿಯಿಂದ ಬಾವಿಗೆ ಒಯ್ಯಬೇಕಾದದ್ದು ಸಮುದ್ರಮಟ್ಟದ ಆಳವನ್ನು ಮತ್ತು ಅಲ್ಲಿನ ಒತ್ತಡವನ್ನು ಬಾರ್‌ನಲ್ಲಿ. ಸಾಂದ್ರತೆಯನ್ನು ಹೊಸ ಟೇಬಲ್‌ನಿಂದ ಹೊಸದಾಗಿಯೇ ಲೆಕ್ಕ ಹಾಕಬೇಕು.

ಡ್ರಿಲ್ಲರ್ ಮತ್ತು ಲಾಗ್ ನಡುವಿನ 2 ಮೀಟರ್‌ಗೆ ಯಾರನ್ನೂ ದೂರಬೇಕಿಲ್ಲ. ಡ್ರಿಲ್ಲರ್‌ನ ಆಳವೆಂದರೆ ರಿಗ್‌ನ ಬಳಿ ಅಡ್ಡಲಾಗಿ ಮಲಗಿಸಿ, ಟೇಪ್ ಹಿಡಿದು ಅಳೆದ ಪೈಪುಗಳ ಉದ್ದಗಳ ಮೊತ್ತ. ಬಾವಿಯಲ್ಲಿ ತೂಗುಬಿದ್ದಾಗ ಉಕ್ಕು ತನ್ನ ತೂಕಕ್ಕೆ ತಾನೇ ಹಿಗ್ಗುತ್ತದೆ, ಕೆಳಗಿನ ಬಿಸಿಗೆ ಇನ್ನಷ್ಟು ಹಿಗ್ಗುತ್ತದೆ. 2,300 ಮೀಟರ್ ಪೈಪಿಗೆ, 1.2 ಸಾಂದ್ರತೆಯ ಮಡ್‌ನಲ್ಲಿ, ಒರಟಾಗಿ ಲೆಕ್ಕ ಹಾಕಿದರೆ ತೂಕದಿಂದ ಸುಮಾರು 0.8 ಮೀಟರ್, ಪೈಪ್ ಸರಾಸರಿ 35 ಡಿಗ್ರಿ ಬಿಸಿಯಾದರೆ ಅದರಿಂದ ಸುಮಾರು 1 ಮೀಟರ್. ಎರಡೂ ಸೇರಿ ನಿಮ್ಮ ವ್ಯತ್ಯಾಸದ ಹತ್ತಿರಕ್ಕೆ ಬಂದುಬಿಡುತ್ತದೆ. ವೈರ್‌ಲೈನ್ ಕೇಬಲ್ ಕೂಡ ಹಿಗ್ಗುತ್ತದೆ, ಆದರೆ ಲಾಗಿಂಗ್ ತಂಡ ಅದಕ್ಕೆ ತಿದ್ದುಪಡಿ ಮಾಡುವುದು ರೂಢಿ. ಡ್ರಿಲ್ ಪೈಪಿಗೆ ಸಾಮಾನ್ಯವಾಗಿ ಮಾಡುವುದಿಲ್ಲ. ಈ ಹೋಲಿಕೆಗೆ ಬಾವಿಯ ತಳ ಅಷ್ಟು ಒಳ್ಳೆಯ ಜಾಗವಲ್ಲ, ಅಲ್ಲಿ ಕಲ್ಲಿನ ಚೂರು ಕೂತಿರಬಹುದು. ಕೇಸಿಂಗ್ ಶೂ ಆಳವನ್ನು ಹೋಲಿಸುವುದು ಮೇಲು.

ನಿಮಗೆ ಇದರಿಂದ ಆಗುವ ಪರಿಣಾಮವೇನೆಂದರೆ, ಹೊಸ ಓರೆ ಬಾವಿಯಲ್ಲಿ ಕೊರೆಯುತ್ತಲೇ ಲಾಗ್ ಮಾಡುವ ಉಪಕರಣ ಬಳಸುತ್ತೀರಾದರೆ ಅದರ ಆಳ ಡ್ರಿಲ್ಲರ್‌ನ ಆಳ. ಹಳೆಯ ಬಾವಿಯ 2,146 ವೈರ್‌ಲೈನ್ ಆಳ. ಹಾಗಾಗಿ ಪದರ ಯೋಜನೆಗಿಂತ ಒಂದೆರಡು ಮೀಟರ್ ಮೊದಲೇ ಕಂಡರೆ ಭೂರಚನೆ ಅಲ್ಲಿ ಎತ್ತರವಾಗಿದೆ ಎಂದು ತಕ್ಷಣ ನಿರ್ಧರಿಸಿ ಬಾವಿಯ ದಿಕ್ಕು ಬದಲಿಸಬೇಡಿ. ಮೇಲಿನ ಪರಿಚಿತ ಗುರುತುಪದರಗಳೂ ಅಷ್ಟೇ ಮೊದಲು ಬಂದವೇ ಎಂದು ನೋಡಿ.

ಜಿಪಿಎಸ್‌ನ 57 ಮೀಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಉಪಗ್ರಹದ ಮೂಲ ಅಳತೆ ಭೂಮಿಯ ಆಕಾರವನ್ನು ಸರಳವಾಗಿ ಹೇಳುವ ಗಣಿತದ ಎಲಿಪ್ಸಾಯಿಡ್ ಮೇಲ್ಮೈಯಿಂದ ಎತ್ತರವನ್ನು ಕೊಡುತ್ತದೆ, ಸಮುದ್ರಮಟ್ಟದಿಂದಲ್ಲ. ಸಮುದ್ರಮಟ್ಟಕ್ಕೆ ಸಮೀಪವಾದ ಜಿಯೋಯಿಡ್ ಮೇಲ್ಮೈಗೂ ಎಲಿಪ್ಸಾಯಿಡ್‌ಗೂ ನಡುವಿನ ಅಂತರ ಭೂಮಿಯ ಮೇಲೆ ಜಾಗದಿಂದ ಜಾಗಕ್ಕೆ ಸುಮಾರು −106ರಿಂದ +85 ಮೀಟರ್‌ವರೆಗೆ ಬದಲಾಗುತ್ತದೆ. ನಿಮ್ಮ ಜಾಗದಲ್ಲಿ ಅದು −57.5ರ ಆಸುಪಾಸಿನಲ್ಲಿದ್ದರೆ 57 ಮತ್ತು 114.5 ಎರಡೂ ಒಂದೇ ನೆಲವನ್ನು ಹೇಳುತ್ತಿವೆ. ಸರ್ವೇಯರ್ ಬಳಿ ಜಿಯೋಯಿಡ್ ಮಾದರಿ ಯಾವುದೆಂದು ಕೇಳಿ, ತಿದ್ದಿದ ಎತ್ತರವನ್ನು ಹಳೆಯ ಬಾವಿಯ ವೆಲ್‌ಹೆಡ್‌ನ ಎತ್ತರದೊಂದಿಗೆ ಅಳೆದು ತಾಳೆ ನೋಡಿಸಿ. ಎರಡು ಬಾವಿಗಳನ್ನು ಹೋಲಿಸುವುದೇ ನಿಮ್ಮ ಉದ್ದೇಶವಾದ್ದರಿಂದ ಈ ತಾಳೆಯೇ ಎಲ್ಲಕ್ಕಿಂತ ಮುಖ್ಯ.

ಹಾಗಾದರೆ ಯೋಜನೆಗೆ ಯಾವ ಸೊನ್ನೆ? ಎಲ್ಲವನ್ನೂ ಸಮುದ್ರಮಟ್ಟದಿಂದಲೇ ಬರೆಯುವ ತಂಡಗಳಿವೆ. ಭೂವಿಜ್ಞಾನಿಗಳಿಗೆ ಇದು ಹಿತ, ರಿಗ್ ಬದಲಾದರೂ ಸಂಖ್ಯೆ ಬದಲಾಗದು. ಆದರೆ ರಿಗ್‌ನಲ್ಲಿರುವವರು ನಡುರಾತ್ರಿಯಲ್ಲಿ ಪ್ರತಿ ಸಲವೂ ಕೂಡಿ ಕಳೆಯಬೇಕಾಗುತ್ತದೆ, ಚಿಹ್ನೆ ತಪ್ಪುವ ಅಪಾಯವಿದೆ. ಸಮುದ್ರಮಟ್ಟದ ಕೆಳಗಿನ ಆಳವನ್ನು ಕೆಲವರು ಋಣವಾಗಿಯೂ ಕೆಲವರು ಧನವಾಗಿಯೂ ಬರೆಯುವುದರಿಂದ ಈ ಅಪಾಯ ಇನ್ನೂ ಹೆಚ್ಚು. ಎಲ್ಲವನ್ನೂ ಟೇಬಲ್‌ನಿಂದ ಬರೆದರೆ ಡ್ರಿಲ್ಲರ್‌ಗೆ ಅನುಕೂಲ, ಆದರೆ ರಿಗ್ ಬದಲಾದ ದಿನ ಇಡೀ ಕಡತ ಹಳತಾಗುತ್ತದೆ ಮತ್ತು ಕೆಲವು ಪುಟಗಳು ತಿದ್ದದೆ ಉಳಿದುಬಿಡುತ್ತವೆ. ನಾನು ಶಿಫಾರಸು ಮಾಡುವುದು ಗುರಿಗಳನ್ನೂ ಒತ್ತಡಗಳನ್ನೂ ಸಮುದ್ರಮಟ್ಟದ ಆಳಕ್ಕೆ ಕಟ್ಟಿಡುವುದು, ಕೊರೆಯುವ ಸೂಚನೆಗಳನ್ನು ಟೇಬಲ್‌ನಿಂದ ಎಂಡಿ ಮತ್ತು ಟಿವಿಡಿ ಎರಡರಲ್ಲೂ ಕೊಡುವುದು, ಎರಡನ್ನೂ ಜೋಡಿಸುವ ಟೇಬಲ್‌ನ ಎತ್ತರವನ್ನು ಕಡತದಲ್ಲಿ ಒಂದೇ ಒಂದು ಜಾಗದಲ್ಲಿ ಇಟ್ಟು ಉಳಿದೆಲ್ಲ ಸಂಖ್ಯೆಗಳು ಅದರಿಂದಲೇ ಹುಟ್ಟುವಂತೆ ಮಾಡುವುದು. ಇದರ ದೌರ್ಬಲ್ಯವೂ ಅಲ್ಲೇ ಇದೆ: ಆ ಒಂದು ಸಂಖ್ಯೆ ತಪ್ಪಾದರೆ ಎಲ್ಲವೂ ಒಟ್ಟಿಗೆ ತಪ್ಪುತ್ತವೆ, ಆದ್ದರಿಂದ ರಿಗ್ ನಿಂತ ಮೇಲೆ ಅದನ್ನು ಇಬ್ಬರು ಪ್ರತ್ಯೇಕವಾಗಿ ಅಳೆಯಬೇಕು.

ಸಮುದ್ರಕ್ಕೆ ಹೋದಾಗ ಇನ್ನೆರಡು ಸಂಗತಿ ಸೇರುತ್ತವೆ. ನೌಕಾನಕ್ಷೆಯ ನೀರಿನ ಆಳವನ್ನು ಸಾಮಾನ್ಯವಾಗಿ ಅತಿ ಕೆಳಗಿನ ಇಳಿತದ ಮಟ್ಟದಂಥ ತಗ್ಗಿನ ಆಧಾರದಿಂದ ಎಣಿಸಿರುತ್ತಾರೆ, ಸರಾಸರಿ ಸಮುದ್ರಮಟ್ಟದಿಂದಲ್ಲ. ಉಬ್ಬರವಿಳಿತ ದೊಡ್ಡದಿರುವ ಕಡೆ ಈ ವ್ಯತ್ಯಾಸ ಹಲವು ಮೀಟರ್. ಜಾಕಪ್ ರಿಗ್ ಕಾಲೂರಿ ನಿಂತ ಮೇಲೆ ಟೇಬಲ್‌ನ ಎತ್ತರ ಸ್ಥಿರ. ತೇಲುವ ರಿಗ್‌ನಲ್ಲಿ ಟೇಬಲ್ ಅಲೆ ಮತ್ತು ಉಬ್ಬರದೊಂದಿಗೆ ಏರಿಳಿಯುವುದರಿಂದ, ಸಮುದ್ರತಳದ ಮೇಲಿನ ವೆಲ್‌ಹೆಡ್ ಮಾತ್ರ ಕದಲದೆ ಇರುವ ಬಿಂದು, ಆಳಗಳನ್ನು ಅದಕ್ಕೆ ತಾಳೆ ಹಾಕುತ್ತಿರಬೇಕು.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದ ಒಂದು ವಿಷಯ. ಬಾವಿ ಮುಗಿದು ರಿಗ್ ಹೊರಟುಹೋದಾಗ, ಲಾಗ್‌ಗಳೆಲ್ಲ ಸೊನ್ನೆ ಎಂದು ಹೇಳುವ ರೋಟರಿ ಟೇಬಲ್ ಅಲ್ಲಿ ಇರುವುದಿಲ್ಲ. ಟೇಬಲ್‌ನಿಂದ ಕೇಸಿಂಗ್ ಹೆಡ್‌ನ ಫ್ಲ್ಯಾಂಜ್‌ವರೆಗಿನ ಅಂತರವನ್ನು ರಿಗ್ ಇರುವಾಗಲೇ ಅಳೆದು ಬರೆದಿಡದಿದ್ದರೆ, ಎಷ್ಟೋ ವರ್ಷಗಳ ನಂತರ ದುರಸ್ತಿಗೆ ಬರುವ ಬೇರೆ ಎತ್ತರದ ರಿಗ್‌ಗೆ ಆಳ ತಾಳೆ ಹಾಕುವುದು ಕಷ್ಟ. ಆಗ ಮೊದಲ ಟೇಬಲ್‌ನ್ನೇ ಬಾವಿಯ ಸೊನ್ನೆಯಾಗಿ ಉಳಿಸಿಕೊಂಡು ವ್ಯತ್ಯಾಸವನ್ನು ತಿದ್ದಿಕೊಳ್ಳುವುದು ಉತ್ತಮ. ಪರ್ಫೊರೇಷನ್‌ನ (ತೈಲ ಒಳಬರಲು ಕೇಸಿಂಗ್‌ಗೆ ಗನ್‌ನಿಂದ ಹೊಡೆಯುವ ತೂತುಗಳ) ಆಳವನ್ನಂತೂ ಪೈಪಿನ ಎಣಿಕೆಯಿಂದ ನಿರ್ಧರಿಸಲೇಬಾರದು, ಬಂಡೆಯ ಸಹಜ ವಿಕಿರಣವನ್ನು ಅಳೆಯುವ ಗಾಮಾ ಲಾಗ್ ಮತ್ತು ಕೇಸಿಂಗ್ ಕೂಡುಗಳನ್ನು ಗುರುತಿಸುವ ಉಪಕರಣದಿಂದ ಮೂಲ ಲಾಗ್‌ಗೆ ತಾಳೆ ಹಾಕಿಯೇ ಗನ್ ಹೊಡೆಯಬೇಕು. ಇದಕ್ಕಾಗಿ ಪದರದ ಸ್ವಲ್ಪ ಮೇಲೆ ಒಂದು ಗಿಡ್ಡ ಕೇಸಿಂಗ್ ತುಂಡನ್ನು ಯೋಜನೆಯಲ್ಲೇ ಸೇರಿಸಿಬಿಡಿ; ಖರ್ಚು ಅತ್ಯಲ್ಪ, ಗುರುತಿಗೆ ಬಹಳ ಸಹಾಯ.

ಈಗ ನಿಮ್ಮ ಬಾವಿಗೆ: ಗುರಿಯ ಸಾಲಿನಲ್ಲಿ ಸಮುದ್ರಮಟ್ಟದಿಂದ 2,027.6, ಟೇಬಲ್‌ನಿಂದ ಟಿವಿಡಿ 2,151.7, ಎಂಡಿ 2,418 ಎಂದು ಮೂರನ್ನೂ ಬರೆದು, ಟೇಬಲ್‌ನ ಎತ್ತರ 124.1 ಅಂದಾಜು ಎಂಬುದನ್ನೂ ದಿನಾಂಕವನ್ನೂ ಸೇರಿಸಿ. ರಿಗ್ ನಿಂತ ಮೇಲೆ ಅಳೆದಾಗ ಅದು 124.9 ಎಂದು ಬಂದರೆ ಟಿವಿಡಿ 2,152.5 ಆಗುತ್ತದೆ, ಎಂಡಿಯೂ ಅಷ್ಟೇ ಹೆಚ್ಚುತ್ತದೆ, 2,027.6 ಹಾಗೆಯೇ ಉಳಿಯುತ್ತದೆ.